ಹೊಸ ಪ್ರೊಸೆಸರ್ ಬರುವವರೆಗೆ

ಸುಧಾ ರೆಂಡರ್ ಹಾಕಿದಳೆಂದರೆ ಆ ಮನೆಯಲ್ಲಿ ಯಾರೂ ಮಿಕ್ಸಿ ಮುಟ್ಟುವಂತಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯೂ ಇಲ್ಲ, ಗೀಸರ್ ಅಂತೂ ಇಲ್ಲವೇ ಇಲ್ಲ. ಮದುವೆಯ ವಿಡಿಯೋ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿದ ಮೇಲೆ ಎಲ್ಲವನ್ನೂ ಒಂದೇ ಫೈಲ್ ಮಾಡು ಎಂದು ಕಂಪ್ಯೂಟರಿಗೆ ಒಪ್ಪಿಸುವುದಕ್ಕೆ ರೆಂಡರ್ ಎನ್ನುತ್ತಾರೆ. ಒಳ್ಳೆಯ ಕಂಪ್ಯೂಟರಿಗೆ ಅದು ಊಟ ಮಾಡಿ ಕೈ ತೊಳೆಯುವಷ್ಟರ ಕೆಲಸ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಆ ಮನೆಯ ಪಡಸಾಲೆಯಲ್ಲಿದ್ದ ಕಂಪ್ಯೂಟರಿಗೆ ಬೆಳಗ್ಗೆ ಒಪ್ಪಿಸಿದರೆ ಸಂಜೆ ದೇವರಿಗೆ ದೀಪ ಹಚ್ಚುವ ತನಕ ಬೇಕು. ನಡುವೆ ಯಾರಾದರೂ ಮಿಕ್ಸಿ ತಿರುಗಿಸಿದರೆ ಮೇನ್ ಸ್ವಿಚ್ ಬಿದ್ದು ಎಲ್ಲ ಮತ್ತೆ ಮೊದಲಿಂದ. ಯುಪಿಎಸ್ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು. ಅದನ್ನು ಯಾಕೆ ಬದಲಿಸಿಲ್ಲ ಎಂದರೆ, ಹೊಸ ಕಂಪ್ಯೂಟರ್ ತಗೊಂಡಾಗ ಎಲ್ಲ ಒಟ್ಟಿಗೇ ಎಂದು. ಹೊಸ ಕಂಪ್ಯೂಟರ್ ಯಾವಾಗ ಎಂದರೆ, ಹೊಸ ಪ್ರೊಸೆಸರ್ ಬಂದಾಗ.

"ಸುಧಾ, ಚಟ್ನಿ ರುಬ್ಬಲೇನೆ?" ಅತ್ತೆ ಉಚ್ಚೆಂಗೆಮ್ಮ ಅಡುಗೆಮನೆಯಿಂದ ಕೂಗಿದಳು.

"ಬ್ಯಾಡ್ರಿ ಅತ್ತೆ, ಅರ್ಧ ಆಗೈತೆ."

"ಅರ್ಧ ಆಗ್ಲೇ ಆಗಿತ್ತಲ್ಲೇ. ಇನ್ನೂ ಅರ್ಧನೇ ಏನು?"

"ಅದೇ ಅರ್ಧ."

"ಒಳ್ಳು ಕಲ್ಲು ಬ್ಯಾಡ ಅಂತ ತೆಗ್ಸಿ ಹಾಕಿದ್ರಿ. ಮಿಕ್ಸಿ ತಂದ್ರಿ. ಈಗ ಮಿಕ್ಸಿ ಮುಟ್ಟಬ್ಯಾಡ ಅಂತೀರಿ. ನಾನೇನು ಹಲ್ಲಾಗೆ ರುಬ್ಬಲಾ?"

ಸುಧಾ ಮಗಳು ಶಾಂತಲಾಳ ಜಡೆಗೆ ರಿಬ್ಬನ್ ಬಿಗಿದಳು. ಎರಡನೇ ಕ್ಲಾಸಿನ ಹುಡುಗಿ ನೋವಾಯಿತೆಂದು ಕಿರುಚಿದಳು. ಪರದೆಯ ಮೇಲೆ, ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಗೆರೆ ಇದ್ದಲ್ಲೇ ಇತ್ತು. ಗೆರೆ ನೋಡುವುದು, ಒಲೆ ನೋಡುವುದು, ಮತ್ತೆ ಬಂದು ಗೆರೆ ನೋಡುವುದು, ಇಷ್ಟರಲ್ಲೇ ಸುಧಾಳ ದಿನ ಮುಗಿಯುತ್ತಿತ್ತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ಅವಳ ಗಂಡ ಪರಶುರಾಮ್ ಮದುವೆಗಳಿಗೆ ಕ್ಯಾಮೆರಾ ಹಿಡಿಯುವವನು. ಅವನು ತಂದದ್ದನ್ನು ಸುಧಾ ಎಡಿಟಿಂಗ್ ಮಾಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಪಕ್ಕದಲ್ಲಿ ಕೂತು ನೋಡಿ ಕಲಿತದ್ದು ಈಗ ಅವಳ ಕೈಗೆ ಎಷ್ಟು ಹತ್ತಿತ್ತೆಂದರೆ, ಹರಿಹರದ ಸ್ಟುಡಿಯೋದ ಹುಮಾ ಕೂಡ ತನ್ನಲ್ಲಿ ಮುಗಿಯದ ಮದುವೆಗಳನ್ನು ಇವಳಿಗೇ ಕಳಿಸುತ್ತಿದ್ದಳು. ಪರಶುರಾಮನಿಗೆ ಈಗ ಆ ಸಾಫ್ಟ್‌ವೇರ್ ತೆರೆಯುವುದೂ ಮರೆತುಹೋಗಿತ್ತು.

ಈ ಮನೆಯ ಗಂಡಸರು ಸೋಮಾರಿಗಳಲ್ಲ, ಜಿಪುಣರೂ ಅಲ್ಲ. ಅವರಿಗಿದ್ದದ್ದು ಮೋಸ ಹೋಗುವ ಭಯ. ಮಾವ ತಿಪ್ಪೇರುದ್ರಪ್ಪ ಶಾಮನೂರಿನವನು. ಊರ ಮಗ್ಗುಲಿನ ಹೊಲವನ್ನು ಒಳ್ಳೆ ರೇಟು ಬಂತೆಂದು ಮಾರಿ ಈ ಮನೆ ಕಟ್ಟಿಸಿದ. ಮುಂದಿನ ವರ್ಷವೇ ಆ ಕಡೆ ಬಡಾವಣೆ ಎದ್ದು, ಅವನು ಮಾರಿದ್ದು ಪುಕ್ಕಟೆ ಕೊಟ್ಟ ಲೆಕ್ಕವಾಯಿತು. ಅಂದಿನಿಂದ ಅವನಿಗೆ ಅವಸರ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಬಸ್ಸಿನಲ್ಲಿ ಆ ಹೊಲದ ಮುಂದೆ ಹಾಯುವಾಗ ಕಿಟಕಿಯಿಂದ ಮುಖ ತಿರುಗಿಸುತ್ತಾನೆ. ಪರಶುರಾಮನಿಗೂ ಒಂದು ಗಾಯವಿತ್ತು. ಕ್ಯಾಮೆರಾ ಕೊಂಡ ಮರು ತಿಂಗಳೇ ಅದೇ ಬೆಲೆಗೆ ಅದಕ್ಕಿಂತ ಚಲೋದು ಬಂದಿತ್ತು. ಅಪ್ಪ ಹೊಲ ನೆನೆಯುತ್ತಾನೆ, ಮಗ ಕ್ಯಾಮೆರಾ ನೆನೆಯುತ್ತಾನೆ, ಮನೆಗೆ ಏನೂ ಬರುವುದಿಲ್ಲ.

ಮೈದುನ ನಿಂಗರಾಜು ಪೇಟೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹಗಲು ಕಂಪ್ಯೂಟರ್ ಮಾರುವುದು, ಮನೆಗೆ ಬಂದು ಈಗ ಯಾರೂ ಕಂಪ್ಯೂಟರ್ ಕೊಳ್ಳಬಾರದು ಎನ್ನುವುದು ಅವನ ಪದ್ಧತಿ.

"ಅಣ್ಣ, ಈಗ ತಗಳದು ಶುದ್ಧ ದಡ್ಡತನ," ಆ ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಹೇಳಿದ. "ಮುಂದೆ ಬರೋ ಪ್ರೊಸೆಸರಿಗೆ ಮದರ್‌ಬೋರ್ಡೇ ಬೇರೆ. ಈಗಿನ ಬೋರ್ಡ್ ತಗಂಡ್ರೆ ನಾಳೆ ಅದ್ರಾಗೆ ಏನೂ ಕೂರಲ್ಲ. ದೀಪಾವಳಿ ಹೊತ್ತಿಗೆ ಬಂದೇ ಬರ್ತೈತೆ."

"ಉಗಾದಿಗೆ ಬರ್ತೈತೆ ಅಂದಿದ್ಯಲ್ಲಪ್ಪ," ಸುಧಾ ಪಲ್ಯ ಬಡಿಸುತ್ತ ಕೇಳಿದಳು.

"ಅದು ಬಂತಲ್ಲ ಅತ್ತಿಗೆ. ಅದು ಭಾಳ ಬಿಸಿ ಆಗ್ತೈತಂತೆ. ಇದು ಅದ್ರ ಮುಂದಿಂದು."

"ಅದೂ ಅಲ್ದೆ ಇದು ಆಷಾಢ," ತಿಪ್ಪೇರುದ್ರಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. "ಆಷಾಢದಾಗೆ ಮನಿಗೆ ಹೊಸ ಸಾಮಾನು ತರಬಾರ್ದು."

"ಹೌದು ಅಪ್ಪಾಜಿ, ಅದೂ ಐತೆ," ಎಂದ ಪರಶುರಾಮ್.

ಅವನಿಗೆ ಆಷಾಢದಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಕಳೆದ ಆಷಾಢದಲ್ಲೇ ಹೊಸ ಮೊಬೈಲ್ ತಂದವನು. ತಿಪ್ಪೇರುದ್ರಪ್ಪನಿಗೆ ಪ್ರೊಸೆಸರ್ ಎಂದರೆ ತಿನ್ನುವುದೋ ಉಡುವುದೋ ಗೊತ್ತಿರಲಿಲ್ಲ. ಆದರೂ ಕೇಳಿದವರಿಗೆ ಅಪ್ಪ, "ಹೊಸ ಪ್ರೊಸೆಸರ್ ಬರ್ತೈತಂತೆ, ಅದಕ್ಕೆ ತಡದೀವಿ" ಎನ್ನುತ್ತಿದ್ದ. ಮಗ, "ಆಷಾಢ ಅಲ್ವಾ ಸಾರ್, ಮನ್ಯಾಗೆ ಹಿರೇರು ಕೇಳಲ್ಲ" ಎನ್ನುತ್ತಿದ್ದ. ಒಬ್ಬರ ನೆಪಕ್ಕೆ ಇನ್ನೊಬ್ಬರು ಆಸರೆ.

"ಪಂಚಮಿ ಯಾವಾಗ ಅಂತ ನೆನಪೈತೇನ್ರಿ?" ಸುಧಾ ಸೌಟು ಹಿಡಿದೇ ನಿಂತಳು. "ಅಮಾಸಿ ಆಗಿ ಐದನೇ ದಿನಕ್ಕೆ ಪಂಚಮಿ. ಆಷಾಢ ಮುಗುದ ಮ್ಯಾಲೆ ತಂದು, ಜೋಡ್ಸಿ, ಸಾಫ್ಟ್‌ವೇರ್ ಹಾಕಿ, ಕೊಂಡಜ್ಜಿ ಊರವ್ರ ಮದುವಿ ಕ್ಯಾಸೆಟ್ ನಾನು ಯಾವಾಗ ಮುಗಿಸ್ಲಿ?"

ಕ್ಯಾಸೆಟ್ ಕಾಲ ಹೋಗಿ ಪೆನ್‌ಡ್ರೈವ್ ಬಂದರೂ ಮದುವೆ ವಿಡಿಯೋಕ್ಕೆ ಇಲ್ಲಿ ಕ್ಯಾಸೆಟ್ ಎಂದೇ ಹೆಸರು. ಬೇಸಿಗೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳು ಮೊದಲ ನಾಗರ ಪಂಚಮಿಗೆ ತವರಿಗೆ ಬರುತ್ತಾರೆ. ಉಂಡಿ ತಿಂದು, ಜೋಕಾಲಿ ಆಡಿ, ಓಣಿಯ ಹೆಂಗಸರನ್ನೆಲ್ಲ ಕೂರಿಸಿ ಟಿವಿಗೆ ಹಚ್ಚಿ ಮದುವೆ ನೋಡುವುದು ಈಗಿನ ರೂಢಿ. ಯಾವ ಸೀರೆ, ಯಾರು ಅತ್ತರು, ಬೀಗರು ಮುಖ ಯಾಕೆ ಊದಿಸಿಕೊಂಡಿದ್ದರು, ಎಲ್ಲ ಅವತ್ತೇ ತೀರ್ಮಾನ ಆಗಬೇಕು. ಪಂಚಮಿ ದಾಟಿದ ಕ್ಯಾಸೆಟ್ ಯಾರಿಗೂ ಬೇಡ.

"ಆಗ್ತೈತೆ ಬಿಡೆ. ಪ್ರತಿ ವರ್ಷಾನೂ ಆಗಿಲ್ವಾ?" ಪರಶುರಾಮ್ ತಟ್ಟೆಯಲ್ಲೇ ಕೈ ತೊಳೆದ.

ಅದೇ ವಾರ ಕೊಂಡಜ್ಜಿಯ ಶಿವಯೋಗಪ್ಪ ಬೈಕಿನ ಮೇಲೆ ಬಂದ. ಚೀಲದ ತುಂಬ ಬದನೆಕಾಯಿ ತಂದಿದ್ದ. ಬೇಸಿಗೆಯಲ್ಲಿ ಅವನ ಮಗಳು ಭಾಗ್ಯಲಕ್ಷ್ಮಿಯ ಮದುವೆಗೆ ಪರಶುರಾಮನೇ ಕ್ಯಾಮೆರಾ ಹಿಡಿದಿದ್ದ.

"ಪಂಚಮಿಗೆ ಮಗಳು, ಅಳಿಯ, ಬೀಗ್ರು ಎಲ್ಲಾರೂ ಬರ್ತಾರೆ," ಎಂದ ಚಹಾ ಕುಡಿಯುತ್ತ. "ಅವತ್ತು ಕ್ಯಾಸೆಟ್ ಹಚ್ಚಿ ತೋರಿಸ್ತೀನಿ ಅಂತ ಬೀಗ್ರಿಗೆ ಹೇಳಿಬಿಟ್ಟೀನಿ. ತಪ್ಪಿಸಬ್ಯಾಡ್ರಿ."

ಪರಶುರಾಮ್ ತಲೆ ಕೆರೆದುಕೊಂಡ. "ಆಷಾಢ ನೋಡ್ರಿ ಯಜಮಾನ್ರೆ, ಹೊಸ ಮಿಷನ್ ತರಕ್ಕೆ..."

"ಕೊಡ್ತೀನಣ್ಣ," ಒಳಗಿನಿಂದ ಬಂದ ಸುಧಾ ಅವನ ಮಾತು ಕತ್ತರಿಸಿದಳು. "ಪಂಚಮಿ ದಿನ ನಿಮ್ ಮನ್ಯಾಗೆ ಇರ್ತೈತೆ."

"ತಂಗಿ ಹೇಳಿದ್ಲಂದ್ರೆ ಆತು," ಶಿವಯೋಗಪ್ಪ ಲೋಟ ಇಟ್ಟು ಎದ್ದ. ಅವನು ಕೈ ಮುಗಿದದ್ದು ಪರಶುರಾಮನಿಗಲ್ಲ, ಅವಳಿಗೆ.

ಬೈಕಿನ ಸದ್ದು ಮರೆಯಾಗುವುದನ್ನೇ ಕಾದು ಪರಶುರಾಮ್ ತಿರುಗಿದ.

"ನಿನಗ್ಯಾಕೆ ಬೇಕಿತ್ತು ಮಾತು ಕೊಡಾದು?"

"ಮತ್ತೆ ಯಾರು ಕೊಡ್ಬೇಕು? ಕೆಲಸ ಮಾಡಾಕಿ ನಾನು."

"ಮಿಷನ್ನು?"

"ಅದನ್ನ ತರೋರು ನೀವು. ಬ್ಯಾಂಕಿನಾಗೆ ರೊಕ್ಕ ಐತೆ, ಪೇಟ್ಯಾಗೆ ಅಂಗಡಿ ಐತೆ, ತಮ್ಮನೇ ಅಂಗಡ್ಯಾಗೆ ಅದಾನೆ. ನಿಮಗೆ ಇನ್ನೇನು ಬೇಕ್ರಿ?"

"ದೀಪಾವಳಿಗೆ ಚಲೋದು ಬರೋದಿರ್ತೈತೆ, ಈಗ ಹಳೇದು ತಂದು ಮತ್ತೆ ಕಣ್ ಕಣ್ ಬಿಡ್ಲಾ?"

"ದೀಪಾವಳಿಗೆ ಬರೋದು ಬಂದ ದಿನಾನೇ ಹಳೇದಾಗ್ತೈತೆ. ಅವ್ರು ಸುಮ್ನೆ ಕೂಡ್ತಾರಾ? ಅದ್ರ ಮುಂದಿಂದು ಮಾಡ್ತಿರ್ತಾರೆ."

ಒಳಗೆ ಪೇಪರ್ ಓದುತ್ತಿದ್ದ ತಿಪ್ಪೇರುದ್ರಪ್ಪ ಕೆಮ್ಮಿದ. "ತಡಿಯಮ್ಮ. ತಡದೋರು ಯಾರೂ ಕೆಟ್ಟಿಲ್ಲ. ನಾನು ಒಂದು ವರ್ಷ ತಡದಿದ್ರೆ ಇವತ್ತು..."

"ಮಾವ, ಹೊಲ ಬಿಟ್ರೆ ಬಿದ್ದಲ್ಲೇ ಬಿದ್ದಿರ್ತೈತೆ, ರೇಟ್ ಏರ್ತೈತೆ. ಗಿರಾಕಿ ಬಿದ್ದಿರಲ್ರಿ, ಎದ್ದು ಹೋಗ್ತಾರೆ."

ಸೊಸೆ ಹೊಲದ ಮಾತೆತ್ತಿದ್ದು ಅದೇ ಮೊದಲು. ತಿಪ್ಪೇರುದ್ರಪ್ಪ ಪೇಪರ್ ಮಡಚಿ, ಚಪ್ಪಲಿ ಮೆಟ್ಟಿ ಹೊರಗೆ ಹೋದವನು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಬದನೆಕಾಯಿ ಎಣಗಾಯಿ ಯಾರಿಗೂ ರುಚಿಸಲಿಲ್ಲ.

ಆಷಾಢದ ಕೊನೆಯ ವಾರಗಳಲ್ಲಿ ಮಳೆ ಬರುವಂತೆ ಮೋಡ ಕಟ್ಟುವುದು, ಬರದೇ ಹೋಗುವುದು. ಕರೆಂಟ್ ಮಾತ್ರ ತಪ್ಪದೆ ಹೋಗುತ್ತಿತ್ತು. ಹಳೇ ಕಂಪ್ಯೂಟರ್ ಮದುವೆಯನ್ನು ಅರ್ಧ ನುಂಗಿ ನಿಲ್ಲುತ್ತಿತ್ತು. ಸುಧಾ ಧಾರೆಯನ್ನೇ ಬೇರೆ, ಆರತಕ್ಷತೆಯನ್ನೇ ಬೇರೆ ತುಂಡು ಮಾಡಿ ನೋಡಿದಳು. ಮದುಮಗಳು ತಾಳಿ ಕಟ್ಟಿಸಿಕೊಳ್ಳಲು ತಲೆ ಬಗ್ಗಿಸುವ ಜಾಗಕ್ಕೆ ಬಂದರೆ ಸಾಕು, ಪರದೆ ಕಲ್ಲಾಗುತ್ತಿತ್ತು. ಹುಮಾ ಫೋನ್ ಮಾಡಿ, "ಅಕ್ಕ, ನಮ್ದು ಎರಡು ಮದುವೆ ನಿಮ್ ಹತ್ರ ಐತಲ್ಲ, ಏನಾಯ್ತು?" ಎಂದರೆ, "ಮುಗೀತಾ ಬಂತು ಹುಮಾ" ಎಂದು ಸುಳ್ಳು ಹೇಳುವಾಗ ಅವಳಿಗೆ ನಾಚಿಕೆಯಾಗುತ್ತಿತ್ತು. ಇಷ್ಟು ವರ್ಷ ಹೇಳಿದ ದಿನಕ್ಕೆ ಕೆಲಸ ಕೊಟ್ಟವಳು ಎಂಬುದೊಂದೇ ಅವಳ ಆಸ್ತಿ. ಅದೂ ಈಗ ಕೈ ಜಾರುತ್ತಿತ್ತು.

ಅಮಾವಾಸ್ಯೆ ಮುಗಿಯಿತು. ತಿಪ್ಪೇರುದ್ರಪ್ಪ ತಾನಾಗಿಯೇ, "ಇನ್ನು ತರ್ರಿ, ನಂದೇನೂ ಅಡ್ಡಿ ಇಲ್ಲ" ಎಂದ. ಪರಶುರಾಮ್ ತಮ್ಮನ ಮುಖ ನೋಡಿದ.

"ಎಲ್ಲಾ ಬಿಟ್ಟು ಈಗಲಾ?" ನಿಂಗರಾಜು ಬೆಚ್ಚಿಬಿದ್ದ. "ಶ್ರಾವಣ ಅಂತ ಎಲ್ಲಾ ಅಂಗಡ್ಯಾಗೂ ರಶ್ಶು, ರೇಟ್ ಒಂದ್ ರೂಪಾಯಿ ಬಿಡಲ್ಲ. ಇಷ್ಟು ತಡದೀವಿ, ಇನ್ನೊಂದು ಚೂರು ತಡದ್ರೆ ಆತು."

ಪಂಚಮಿಗೆ ಎರಡು ದಿನವಿತ್ತು. ಸುಧಾ ಬೆಳಗಾಗುತ್ತಲೇ ರೆಂಡರ್ ಹಾಕಿ, ದೇವರಿಗೆ ಕೈಮುಗಿದು, ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ನೀಲಿ ಗೆರೆ ಆ ದಿನ ತಾಳಿಯ ಜಾಗ ದಾಟಿತ್ತು. ಕೆಳಗೆ ಒಮ್ಮೆ ಗರ್ರ್ ಎಂದಿತು. ಆಮೇಲೆ ಏನೂ ಇಲ್ಲ. ಫ್ಯಾನಿನ ಸದ್ದೂ ಇಲ್ಲ. ಅವಳು ಮೆಟ್ಟಿಲು ಹಾರಿಕೊಂಡು ಬಂದಳು. ಪರದೆ ಕಪ್ಪಾಗಿತ್ತು. ಅಡುಗೆಮನೆಯಲ್ಲಿ ಉಚ್ಚೆಂಗೆಮ್ಮ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದೇ ನಿಂತಿದ್ದಳು. ಒಳಗೆ ಉಂಡಿಗೆಂದು ಹುರಿದ ಶೇಂಗಾ.

"ಅತ್ತೆ! ಸಂಜಿತನ ತಡೀರಿ ಅಂತ ಕೈ ಮುಗುದು ಹೇಳಿರ್ಲಿಲ್ವಾ?"

"ಎಷ್ಟು ಸಂಜೆ ತಡೀಲೇ? ನಾಡಿದ್ದು ನಾಗಪ್ಪಗೆ ಏನಿಡ್ಲಿ, ನಿನ್ನ ಕೀಬೋರ್ಡ್ ಇಡ್ಲಾ?"

"ಎಲ್ಲಾ ಹೋತು. ಮತ್ತೆ ಮೊದ್ಲಿಂದ."

"ನನ್ನ ಮ್ಯಾಲೆ ಯಾಕ ಒದರ್ತಿ? ನಾನು ನಿನಗೆ ಮಿಷನ್ ಬ್ಯಾಡ ಅಂದ್ನಾ?" ಉಚ್ಚೆಂಗೆಮ್ಮನ ದನಿಯೂ ಏರಿತು. ಆಮೇಲೆ ಮಿಕ್ಸಿ ಜಾರನ್ನು ಕುಕ್ಕಿ ಇಟ್ಟಳು. "ತಡಿಯೋರು ಅವ್ರು. ಜಗಳ ಮಾತ್ರ ನಿಂದು ನಂದು."

ಸುಧಾಳಿಗೆ ಅತ್ತೆಯ ಮಾತು ನಿಜವೆನಿಸಿ ಸಿಟ್ಟು ಇಳಿಯಿತು, ಆದರೆ ಅಳು ಬಂತು. ಅತ್ತುಕೊಂಡೇ ಪಡಸಾಲೆಗೆ ಹೋಗಿ ಹಾರ್ಡ್‌ಡಿಸ್ಕ್ ಕಿತ್ತು ಟವೆಲಿನಲ್ಲಿ ಸುತ್ತಿದಳು. ಹುಮಾಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಸೀರೆ ಬದಲಿಸುವಷ್ಟರಲ್ಲಿ ಪರಶುರಾಮ್ ಬಂದ.

"ಎಲ್ಲಿಗೆ?"

"ಹರಿಹರಕ್ಕೆ. ಹುಮಾ ಬಾ ಅಂದಾಳೆ."

"ತಡಿಯೇ, ನಾಳೆತನ ಏನರ ಮಾಡನ."

"ನೀವು ಮಾಡ್ತಿರ್ರಿ," ಎಂದು ಅವಳು ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಸರಿಯಾಗಿ ಕೂರಲಿಲ್ಲ. ತೊಡೆಯ ಮೇಲಿನ ಟವೆಲ್ ಗಂಟು ಎರಡೂ ಕೈಯಲ್ಲಿ ಹಿಡಿದುಕೊಂಡು ಸೀಟಿನ ತುದಿಯಲ್ಲೇ ಇದ್ದಳು.

ಹುಮಾಳ ಸ್ಟುಡಿಯೋ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಅವಳ ಗಂಡ ಇಜಾಜ್ ಕೆಳಗಿನಿಂದ ಚಹಾ, ಮಂಡಕ್ಕಿ ತಂದಿಟ್ಟು ಹೋದ. ಸುಧಾ ಡಿಸ್ಕ್ ಹಾಕಿ, ಎಲ್ಲ ಸರಿಯಿದೆಯೆಂದು ನೋಡಿ, ರೆಂಡರ್ ಒತ್ತಿದಳು. ಅಭ್ಯಾಸ ಬಲದಿಂದ ಎದ್ದು ನಿಂತಳು.

"ಎಲ್ಲಿಗೆ ಹೊಂಟ್ರಿ? ಕೂಡ್ರಕ್ಕ," ಹುಮಾ ನಕ್ಕಳು. "ಈಗ್ಲೇ ಮುಗೀತೈತೆ."

ಮಂಡಕ್ಕಿ ತಿಂದು ಮುಗಿಯುವಷ್ಟರಲ್ಲಿ ನೀಲಿ ಗೆರೆ ಈ ತುದಿಯಿಂದ ಆ ತುದಿ ಮುಟ್ಟಿತ್ತು. ಸುಧಾ ನಂಬದೆ ಫೈಲ್ ತೆರೆದಳು. ಭಾಗ್ಯಲಕ್ಷ್ಮಿ ತಲೆ ಬಗ್ಗಿಸಿದಳು, ಕೊರಳಿಗೆ ತಾಳಿ ಬಿತ್ತು, ತಲೆಗೆ ಅಕ್ಷತೆ ಬಿತ್ತು. ಎಲ್ಲೂ ನಿಲ್ಲಲಿಲ್ಲ.

"ಇದು ಹೊಸಾ ಪ್ರೊಸೆಸರ್ರಾ?"

"ಹೊಸದೆಲ್ಲಿ? ತಗಂಡು ಯಾವ ಕಾಲ ಆತು. ತಗಂಡ ಮ್ಯಾಲೆ ಇದಕ್ಕಿಂತ ಚಲೋದು ಬಂತು, ಅದಕ್ಕಿಂತ ಚಲೋದೂ ಬಂತಂತೆ. ನಾನು ನೋಡಕ್ಕೇ ಹೋಗ್ಲಿಲ್ಲ. ಕೆಲಸ ನಡೀತೈತಲ್ಲ," ಎಂದಳು ಹುಮಾ.

ಸುಧಾಳಿಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಇಷ್ಟಕ್ಕಾಗಿ ತಾನು ಅತ್ತೆಯ ಕೈಲಿ ಅನ್ನಿಸಿಕೊಂಡು, ಮಾವನ ಮನಸ್ಸು ನೋಯಿಸಿ, ಮಗಳ ಕೂದಲು ಜಗ್ಗಿ ವರ್ಷ ಕಳೆದೆನಲ್ಲ ಎನಿಸಿತು. ಹುಮಾಳ ಎರಡು ಮದುವೆಗಳನ್ನೂ ಮರುದಿನ ಮತ್ತೆ ಬಂದು ಅಲ್ಲೇ ಕೂತು ಮುಗಿಸಿಕೊಟ್ಟಳು. ಹೊರಡುವಾಗ ಹುಮಾ ಕೇಳಿದಳು, "ಅಕ್ಕ, ದಿನಾ ಬಂದುಬಿಡ್ರಲ್ಲ. ತಿಂಗಳ ಸಂಬಳ ಮಾಡನ." ಸುಧಾ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಪಂಚಮಿ ದಿನ ಬೆಳಗ್ಗೆ ಪರಶುರಾಮನೇ ಕೊಂಡಜ್ಜಿಗೆ ಹೋಗಿ ಪೆನ್‌ಡ್ರೈವ್ ಕೊಟ್ಟು, ಡಬ್ಬಿ ತುಂಬ ಉಂಡಿ ಹಾಕಿಸಿಕೊಂಡು ಬಂದ. ಬೀಗರ ಮುಂದೆ ಶಿವಯೋಗಪ್ಪ ತನ್ನನ್ನು ಹೇಗೆ ಹೊಗಳಿದ ಎಂದು ಹೇಳುತ್ತ ಊಟಕ್ಕೆ ಕೂತ. ಎಲ್ಲರೂ ನಗುನಗುತ್ತ ಉಣ್ಣುತ್ತಿದ್ದರು. ಅವನು ಸುಧಾಳ ಕಡೆ ತಿರುಗಿ ಪ್ರೀತಿಯಿಂದಲೇ ಅಂದ:

"ನೋಡು, ಆತೋ ಇಲ್ವೋ? ಸುಮ್ಸುಮ್ನೆ ಎಷ್ಟು ಗಾಬ್ರಿ ಮಾಡ್ಕಂಡಿದ್ದೆ."

ಸುಧಾ ಉಂಡಿಯ ಡಬ್ಬಿಯನ್ನು ಮಾವನ ಮುಂದೆ ಸರಿಸಿದಳು.

"ಹುಮಾ ಕೆಲ್ಸಕ್ಕೆ ಕರ್ದಾಳೆ. ಸೋಮವಾರದಿಂದ ಹರಿಹರಕ್ಕೆ ಹೋಗ್ತೀನಿ."

ನಗು ನಿಂತಿತು.

"ಮನಿ ಕೆಲಸ ಯಾರು ಮಾಡ್ತಾರೆ?" ತಿಪ್ಪೇರುದ್ರಪ್ಪ ಮೊದಲು ಕೇಳಿದ್ದು ಅದನ್ನೇ.

"ಮನ್ಯಾಗೇ ನಮ್ದೇ ಕೆಲಸ ಇಟ್ಕಂಡು ಇನ್ನೊಬ್ರ ಹತ್ರ ಸಂಬಳಕ್ಕಾ? ಜನ ಏನಂತಾರೆ?" ಪರಶುರಾಮನ ಮುಖ ಕೆಂಪೇರಿತು.

"ಅತ್ತಿಗೆ, ಮೂರೇ ತಿಂಗಳು. ಹೊಸದು ಬಂದ್ರೆ ಹುಮಾಂದು ಡಬ್ಬಾ ಆಗ್ತೈತೆ," ಎಂದ ನಿಂಗರಾಜು.

"ಹೋಗ್ಲಿ ಬಿಡ್ರಿ," ಎಂದಳು ಉಚ್ಚೆಂಗೆಮ್ಮ.

ಎಲ್ಲರೂ ಅವಳ ಕಡೆ ನೋಡಿದರು. ಸೊಸೆ ಹೊಸಿಲು ದಾಟುತ್ತೇನೆಂದರೆ ಮೊದಲು ಅಡ್ಡ ಬರುವವಳು ಅವಳೇ ಎಂದು ಗಂಡಸರು ನೆಚ್ಚಿಕೊಂಡಿದ್ದರು.

"ಏನ್ ನೋಡ್ತೀರಿ? ನಾನು ಹೊತ್ತಿಗೆ ಸರಿಯಾಗಿ ಚಟ್ನಿ ರುಬ್ಬಂಗಾತು. ಬುತ್ತಿ ನಾನು ಕಟ್ತೀನಿ. ಕೂಸಿನ ಜಡೆ ಮಾತ್ರ ನನ್ ಕೈಲಾಗಲ್ಲ, ಬೆರಳು ನೋಯ್ತಾವೆ. ಪರಶು, ಅದನ್ನ ನೀನು ಹಾಕು."

ಮುಂದಿನ ವಾರಗಳಲ್ಲಿ ಶಾಂತಲಾ ಓರೆ ಜಡೆಯಲ್ಲೇ ಶಾಲೆಗೆ ಹೋದಳು. ಟೀಚರ್ ಕೇಳಿದರೆ "ಅಪ್ಪಾಜಿ ಹಾಕಿದ್ದು" ಎಂದು ಜಂಬದಿಂದ ಹೇಳುತ್ತಿದ್ದಳು. ಸುಧಾ ಬೆಳಗ್ಗೆ ಬಸ್ ಹತ್ತಿ ಹೋಗಿ ಸಂಜೆ ಬರುತ್ತಿದ್ದಳು. ದಣಿವಿರುತ್ತಿತ್ತು, ಆದರೆ ಮೊದಲಿನ ಸಿಡುಕಿರಲಿಲ್ಲ. ಗಿರಾಕಿಗಳು ನೇರ ಹರಿಹರಕ್ಕೇ ಹೋಗತೊಡಗಿದರು. ಕಡೆಗೆ ಪರಶುರಾಮ್ ತಾನು ತೆಗೆದ ಮದುವೆಗಳ ಮೆಮೊರಿ ಕಾರ್ಡುಗಳನ್ನು ತಾನೇ ಬಸ್ಸಿನಲ್ಲಿ ಒಯ್ದು ಹುಮಾಳ ಮೇಜಿನ ಮೇಲೆ ಇಟ್ಟು ಬರುವಂತಾಯಿತು. ಅಲ್ಲಿ ಅವನ ಹೆಂಡತಿ ತಲೆಯೆತ್ತಿ, "ಗುರುವಾರ ಕೊಡ್ತೀನಿ" ಎನ್ನುತ್ತಿದ್ದಳು. ಗುರುವಾರ ಕೊಡುತ್ತಿದ್ದಳು.

ಮನೆಗೆ ಬಂದು ಅವನು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. "ಬರ್ಲಿ ದೀಪಾವಳಿ," ಎಂದು ತಾಯಿಗೆ ಹೇಳುತ್ತಿದ್ದ. "ಹೊಸದು ಬಂದ ದಿನ ಅವಳು ಆ ಹರಿಹರ ಬಿಟ್ಟು ಬರ್ತಾಳೆ, ನೋಡ್ತಿರು."

ಹೊಸ ಪ್ರೊಸೆಸರ್ ಬಂದೇ ಬಂತು. ನಿಂಗರಾಜು ಗೆದ್ದವನಂತೆ ಡಬ್ಬಗಳನ್ನು ಹೊತ್ತು ತಂದು ಇಡೀ ಭಾನುವಾರ ನೆಲದ ಮೇಲೆ ಕೂತು ಜೋಡಿಸಿದ. ಯುಪಿಎಸ್ ಬಂತು, ಮೇನ್ ಸ್ವಿಚ್ ಬೀಳದಂತೆ ಬೇರೆ ವೈರ್ ಬಂತು. ತಿಪ್ಪೇರುದ್ರಪ್ಪ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದ. ಸುಧಾ ಕೂತು ನೋಡಿದಳು. ಮೌಸ್ ಹಿಡಿದು ಒಂದು ಹಳೆ ಮದುವೆ ತೆರೆದಳು. ಅದು ಓಡಿತು.

"ಭಾಳ ಚಲೋ ಐತೆ," ಎಂದಳು ಮನಸಾರೆ. "ಹುಮಾಂದಕ್ಕಿಂತ ಫಾಸ್ಟ್ ಐತೆ."

"ಮತ್ತೆ!" ಪರಶುರಾಮನ ಮುಖ ಅರಳಿತು.

ಸೋಮವಾರ ಬೆಳಗ್ಗೆ ಅವನು ಬೇಗ ಎದ್ದು ಕಂಪ್ಯೂಟರ್ ಮೇಜು ಒರೆಸಿದ. ಕುರ್ಚಿಗೆ ದಿಂಬು ಹಾಕಿದ. ಸುಧಾ ಸ್ನಾನ ಮಾಡಿ, ಅತ್ತೆ ಕಟ್ಟಿಟ್ಟ ಬುತ್ತಿ ಬ್ಯಾಗಿಗೆ ಹಾಕಿಕೊಂಡು ಬಂದಳು.

"ಇವತ್ತೂ ಹೊಂಟ್ಯಾ?"

"ಎರಡು ಮದುವೆ ಅರ್ಧಕ್ಕೆ ಅದಾವಲ್ರಿ. ಹುಮಾಗೆ ಕೊಡ್ತೀನಿ ಅಂದೀನಿ."

"ಅವು ಮುಗುದ ಮ್ಯಾಲೆ?"

"ಮುಗುದ ಮ್ಯಾಲೆ ಮುಂದಿನವು ಬರ್ತಾವೆ." ಅವಳು ಮಗಳ ಕೆನ್ನೆ ಸವರಿ ಮೆಟ್ಟಿಲಿಳಿದಳು.

ಪರಶುರಾಮ್ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದ. ಆಮೇಲೆ ಒಳಬಂದು, ತಾನೇ ದಿಂಬಿನ ಮೇಲೆ ಕೂತು ಗುಂಡಿ ಒತ್ತಿದ. ಕೈ ತೆಗೆಯುವುದರೊಳಗೆ ಪರದೆ ಬೆಳಗಿತು. ಸಾಫ್ಟ್‌ವೇರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು, ಏನು ಮಾಡಲಿ ಎಂದು ಕೇಳುತ್ತ ನಿಂತಿತು. ಮುಂದೆ ಎಲ್ಲಿ ಒತ್ತಬೇಕೋ ಅವನಿಗೆ ತಿಳಿಯಲಿಲ್ಲ. ಸುಧಾಗೆ ಫೋನ್ ಮಾಡಿದ. ಬಸ್ಸಿನ ಸದ್ದು, ಕಂಡಕ್ಟರನ ಕೂಗು.

"ಏನ್ರಿ?"

"ಅಲ್ಲ, ಇದು... ಹೊಸದಾಗಿ ಶುರು ಮಾಡ್ಬೇಕಾದ್ರೆ ಏನ್ ಒತ್ತಬೇಕು?"

"ಫೋನಿನಾಗೆ ಹೇಳಿದ್ರೆ ತಿಳಿಯಲ್ರಿ. ಭಾನುವಾರ ಪಕ್ಕದಾಗೆ ಕೂತು ಹೇಳ್ಕೊಡ್ತೀನಿ. ಅಲ್ಲಿತನ ತಡೀರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗಾದರೂ ಸಮಾಧಾನ ಮಾಡಿ ಕರೆದುಕೊಂಡು ಬರುತ್ತಿದ್ದ.